ಲಿಯೋನ್ಸ್ ಭಾವ ತುಂಬಿದ ಗೋಡೆ

ನಮ್ಮೂರ ಚರ್ಚನ್ನು ಒಬ್ಬರೇ ಕಟ್ಟಿದ್ದಲ್ಲ. ಪೂಜಾಪೀಠದ ಹಿಂದಿನ ದುಂಡು ಗೋಡೆ ಎಂಟುನೂರು ವರ್ಷದ್ದು. ನಡುವಿನ ಕಮಾನು, ಐನೂರು ವರ್ಷದ ಹಿಂದೆ ಇಂಗ್ಲಿಷರ ಜತೆಗಿನ ನೂರು ವರ್ಷದ ಯುದ್ಧ ಮುಗಿದ ಮೇಲಿನದು. ಸಿಡಿಲಿಗೆ ಬಿದ್ದ ಗಂಟೆಗೋಪುರವನ್ನು ನನ್ನ ಮುತ್ತಜ್ಜನ ಕಾಲದವರು ಗಿಡ್ಡಗೆ ಕಟ್ಟಿ ಕೈತೊಳೆದುಕೊಂಡರು. ಕೊನೆಗೆ ಕೈಹಾಕಿದವನು ನಮ್ಮ ಲಿಯೋನ್ಸ್ ಭಾವ. ಅದನ್ನು ಯಾರೂ ಬರೆದಿಟ್ಟಿಲ್ಲ, ನಾನೇ ಹೇಳಬೇಕು. ಚರ್ಚಿನ ಬೀಗದ ಕೈ ನನ್ನ ಹತ್ತಿರವಿದೆ, ಕಸ ಗುಡಿಸುವವಳೂ ನಾನೇ.

ಭಾವ ಅಂದರೆ, ತೀರಿಹೋದ ನನ್ನ ಅಕ್ಕ ಅರ್ಮಾಂದೀನಳ ಗಂಡ, ಊರಿನ ಗಾರೆ ಕೆಲಸದವನು. ೧೯೭೧ರಲ್ಲಿ ಹೊರಗೋಡೆಯ ಕಲ್ಲುಗಳ ಸಂದಿನ ಹಳೇ ಸುಣ್ಣ ಉದುರುತ್ತಿದೆಯೆಂದು ಊರಿನವರು ಅವನಿಗೆ ಕೆಲಸ ಒಪ್ಪಿಸಿದರು. ಆಗ ಎಲ್ಲರಿಗೂ ಸಿಮೆಂಟಿನ ಹುಚ್ಚು. ಎರಡು ಬೇಸಿಗೆ ಸುಣ್ಣ ಕೆರೆದು ಸಿಮೆಂಟು ತುಂಬಿದ. ಮೇಯರ್ ವೈನ್ ಹಂಚಿದರು. ಭಾವ ಮದುಮಗನ ಹಾಗೆ ಗೋಡೆಯ ಪಕ್ಕ ನಿಂತಿದ್ದ.

ಸುಣ್ಣ ಗೋಡೆಯ ತೇವವನ್ನು ಹೊರಗೆ ಬಿಡುತ್ತಿತ್ತು. ಸಿಮೆಂಟು ಬಿಡಲಿಲ್ಲ, ತೇವ ಒಳಕ್ಕೆ ತಿರುಗಿತು. ದುಂಡು ಗೋಡೆಯ ಒಳಮೈಯಲ್ಲಿ ಸಂತ ಮಾರ್ಟಿನ್ ಕುದುರೆ ಮೇಲೆ ಕೂತು, ತನ್ನ ಮೇಲಂಗಿ ಕತ್ತರಿಸಿ ಭಿಕ್ಷುಕನಿಗೆ ಕೊಡುವ ಹಳೇ ಚಿತ್ರವಿದೆ. ಮೊದಲು ಕುದುರೆಯ ಕಾಲು ಉದುರಿತು, ಆಮೇಲೆ ಮೇಲಂಗಿ. ಶನಿವಾರ ಶನಿವಾರ ಬಣ್ಣದ ಪುಡಿ ಗುಡಿಸಿ ನನಗೆ ಜೀವವೇ ಬೇಸರವಾಗಿತ್ತು.

ನಲವತ್ತು ವರ್ಷ ಕಳೆದ ಮೇಲೆ ಒಂದು ಅಕ್ಟೋಬರಿನಲ್ಲಿ, ಹಳೇ ಕಟ್ಟಡಗಳನ್ನು ರಿಪೇರಿ ಮಾಡಿಸುವ ಮೇಡಂ ಕೊರ್ಬಿನೋ ಬಂದರು. ಏಣಿ ಹಿಡಿದು ನಿಂತವನು ಭಾವನೇ.

"ಯಾವ ಕತ್ತೆ ರೀ ಇದನ್ನ ತುಂಬಿದ್ದು? ಬದುಕಿದಾನಾ?"

"ಸತ್ತೋದ ಮೇಡಂ," ಅಂದ ಭಾವ.

ನಾನು ನೆಲ ನೋಡಿದೆ.

"ಛೆ. ಎಲ್ಲೆಲ್ಲಿ ಎಷ್ಟು ಆಳ ತುಂಬಿದಾನೆ ಅಂತ ಗೊತ್ತಿದ್ರೆ ನಾಳೆನೇ ಆ ಭಿಕ್ಷುಕನ ಮುಖದ ಹಿಂದಿನ ಸಿಮೆಂಟು ತೆಗೆಸ್ತಿದ್ದೆ. ಗೊತ್ತಿಲ್ದೆ ಉಳಿ ಇಟ್ರೆ ಮುಖಾನೇ ಬಿದ್ದೋಗತ್ತೆ. ಅಳೆಯೋ ಯಂತ್ರ ಬರೋದು ಏಪ್ರಿಲ್‌ಗೆ."

ಮನೆ ದಾರಿಯಲ್ಲಿ ನಾನು, "ಹೇಳ್ಬಿಡು ಭಾವ" ಅಂದೆ.

"ಹೇಳ್ತೀನಿ ಕಣೆ ಸಿಡೋನಿ. ಇವತ್ತು ಮೊಣಕಾಲು ನೋವು."

ಮೊಣಕಾಲಿಗೂ ಬಾಯಿಗೂ ಏನು ಸಂಬಂಧವೋ! ಚಳಿಗಾಲವೆಲ್ಲ ಅವನ ಮೊಣಕಾಲು ನೋಯುತ್ತಲೇ ಇತ್ತು. ನಾನಾದರೂ ಮೇಡಂಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅಕ್ಕನ ಮನೆಯ ಹೆಸರು ಕೆಡುವುದು ನನಗೂ ಬೇಡವಾಗಿತ್ತು.

ಫೆಬ್ರವರಿಯ ಒಂದು ಶನಿವಾರ ಪೊರಕೆ ಹಿಡಿದು ಹೋದರೆ, ಭಿಕ್ಷುಕನ ಮುಖ ನೆಲದ ಮೇಲಿತ್ತು. ಚೂರುಗಳನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿ ಭಾವನ ಮನೆಗೆ ಒಯ್ದು ಮೇಜಿನ ಮೇಲಿಟ್ಟೆ. ಅವನು ಸೂಪು ಕುಡಿಯುತ್ತಿದ್ದ. ಡಬ್ಬಿಯೊಳಗೆ ನೋಡಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

ಏಪ್ರಿಲಿನಲ್ಲಿ ಮೇಡಂ ಯಂತ್ರ ಇಳಿಸುವ ಹೊತ್ತಿಗೆ ಭಾವ ಸೀಮೆಸುಣ್ಣ ಹಿಡಿದು ಹೊರಗೋಡೆಯ ಮೇಲೆ ಗುರುತು ಹಾಕುತ್ತಿದ್ದ. "ಇಲ್ಲಿ ಎರಡು ಬೆರಳು. ಇಲ್ಲಿ ಮೂರು."

"ನಿಮಗೆ ಹೇಗೆ ಗೊತ್ತು?"

"ಆ ಕತ್ತೆ ನಾನೇ ಮೇಡಂ."

ಅವರು ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. ಅವನ ಹಿಂದೆಯೇ ಬರೆದುಕೊಳ್ಳುತ್ತ ನಡೆದರು. ಭಿಕ್ಷುಕ ಇದ್ದ ಜಾಗದ ಹಿಂದೆ ಬಂದಾಗ ಭಾವನ ಕೈ ನಿಂತಿತು.

"ಇಲ್ಲಿ ಎಷ್ಟು?"

"ಅರ್ಧ ಗೇಣು," ಅಂದ. "ಆ ಮುಖ ನಂಗೆ ತುಂಬ ಇಷ್ಟ ಇತ್ತು ಮೇಡಂ. ಮಳೆ ತಾಗ್ಬಾರ್ದು ಅಂತ ಇಲ್ಲೇ ಜಾಸ್ತಿ ತುಂಬಿದ್ದೆ."