ಬನ್ನಂಜೆಯ ಬಾಡಿಗೆ ಮನೆಯಲ್ಲಿ ಜಪಸರ

"ಮೊದಲು ಆ ಬೊಟ್ಟು ಒರಸಿ. ಮನೆ ಮತ್ತೆ ನೋಡುವ."

ಉಡುಪಿಯ ಬನ್ನಂಜೆಯಲ್ಲಿ ಬಾಡಿಗೆ ಮನೆ ಕೇಳಲು ಹೋದ ದಿನ ಮನೆಯೊಡತಿ ಕಾರ್ಮಿನ್ ಬಾಯಿ ನನಗೆ ಹೇಳಿದ ಮೊದಲ ಮಾತು ಇದು. ಬನ್ನಿ ಅನ್ನಲಿಲ್ಲ, ಕೂತ್ಕೊಳ್ಳಿ ಅನ್ನಲಿಲ್ಲ. ಕಾವೇರಿ ದಂಡೆಯ ನಮ್ಮೂರಿನಲ್ಲಿ ನಾವು ಕ್ರೈಸ್ತ ಹೆಂಗಸರು ಬೊಟ್ಟಿಟ್ಟುಕೊಂಡೇ ಚರ್ಚಿನ ಪೂಜೆಗೆ ಹೋಗುತ್ತಿದ್ದೆವು. ಗುರುಗಳು ಒಂದು ಮಾತು ಅಂದವರಲ್ಲ. ಇಲ್ಲಿ ಅಷ್ಟಕ್ಕೇ ನಾನು ಕ್ರೈಸ್ತಳಲ್ಲದವಳಾಗಿಬಿಟ್ಟೆ. ಸೆರಗಿನಲ್ಲಿ ಒರೆಸಿಕೊಂಡೆ. ಇಬ್ಬರು ಮಕ್ಕಳು, ಟ್ರಂಕು, ಹಾಸಿಗೆ ಸುರುಳಿ ಎಲ್ಲ ಬೀದಿಯಲ್ಲಿತ್ತು, ಇನ್ನೇನು ಮಾಡಲಿ?

ರಾಜ್ಯ ಒಂದಾದ ಹೊಸದು ಅದು. ಮಣಿಪಾಲದ ಗುಡ್ಡದ ಮೇಲೆ ಕಟ್ಟಡಗಳು ಏಳುತ್ತಿದ್ದವು, ನಮ್ಮ ಯಜಮಾನರಿಗೆ ಅಲ್ಲಿ ಗಾರೆ ಮೇಸ್ತ್ರಿ ಕೆಲಸ. ಕನ್ನಡಿಗರೆಲ್ಲ ಒಂದೇ ಮನೆಯವರಾದೆವು ಅಂತ ಊರಲ್ಲಿ ನೀವೆಲ್ಲ ಸಿಹಿ ಹಂಚಿದ್ದಿರಲ್ಲ, ಒಂದು ಸಲ ಇಲ್ಲಿನ ಮೀನು ಮಾರುಕಟ್ಟೆಯಲ್ಲಿ ಬಂದು ನಿಲ್ಲಬೇಕಿತ್ತು. ಮೀನಿನವಳದು ತುಳು, ಮನೆಯೊಡತಿಯದು ಕೊಂಕಣಿ. ಕನ್ನಡ ಏನಿದ್ದರೂ ಶಾಲೆಯ ಮೇಷ್ಟ್ರಿಗೆ, ತಾಲೂಕು ಕಚೇರಿಯ ಗುಮಾಸ್ತನಿಗೆ. ರಾಗಿ ಕೇಳಿದರೆ ಅಂಗಡಿಯವನು "ಕೋಳಿಗಾ?" ಅಂದ. ಕುಚ್ಚಲಕ್ಕಿ ಗಂಜಿ ಗಂಟಲಲ್ಲಿಳಿಯದೆ ಮಗ ಅತ್ತ, ಅವನನ್ನು ನೋಡಿ ನಾನೂ ಅತ್ತೆ.

ಊಟ ಹೇಗೋ ರೂಢಿಯಾಯಿತು. ಜಗಳ ಹತ್ತಿದ್ದು ಪ್ರಾರ್ಥನೆಗೆ. ಸಂಜೆ ದೀಪ ಹಚ್ಚಿ, ಮಕ್ಕಳನ್ನು ಮುಂದೆ ಕೂರಿಸಿಕೊಂಡು ನಾನು ಮಣಿ ಎಣಿಸುತ್ತಾ ಮರಿಯಮ್ಮನ ಜಪಸರ ಹೇಳಿಸುತ್ತಿದ್ದೆ. ಇಲ್ಲಿಯವರು ಅದಕ್ಕೆ ತೇರ್ಸ್ ಅನ್ನುತ್ತಾರೆ. ನನಗೆ ದೇವರು ಗೊತ್ತಾದದ್ದು ನಮ್ಮವ್ವನ ಬಾಯಿಂದ; ನನ್ನ ಮಕ್ಕಳಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು ಅನ್ನುವುದು ನನ್ನ ಹಟ. ಒಂದು ಸಂಜೆ ಕಾರ್ಮಿನ್ ಬಾಯಿ ಬಾಗಿಲಿಗೆ ಬಂದರು.

"ಎಂತ ಮಾರಾಯ್ತಿ, ಮಕ್ಕಳಿಗೆ ಶಾಲೆಯ ಪಾಠ ಓದಿಸುವುದಾ?"

"ಅಲ್ಲ ಬಾಯಿ, ಜಪಸರ."

"ಕನ್ನಡದಲ್ಲಾ? ದೇವರ ಹತ್ತಿರ ಯಾರಾದರೂ ಕಚೇರಿಯ ಭಾಷೆ ಮಾತಾಡುತ್ತಾರಾ?" ಆಮೇಲೆ ನನ್ನ ಮಗನ ಕಡೆ ನೋಡಿದರು. "ಇವನ ಹೆಸರು ಚಿನ್ನಪ್ಪ ಅಂತೆ. ಅದು ಯಾವ ಸಂತರ ಹೆಸರು?"

"ಪೌಲರದು. ನಮ್ಮ ಕಡೆ ಸಂತ ಪೌಲರನ್ನು ಚಿನ್ನಪ್ಪ ಅಂತಲೇ ಕರೆಯುವುದು."

"ಪಾಪ, ಪೌಲರಿಗೆ ಗೊತ್ತುಂಟಾ?"

ಎಂಥ ನಾಲಿಗೆ ಆ ಹೆಂಗಸಿನದು! ಕೇರಿಯ ಕ್ರೈಸ್ತ ಮಕ್ಕಳಿಗೆಲ್ಲ ಮಂತ್ರ ಕಲಿಸಿ, ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಳ್ಳಲು ತಯಾರು ಮಾಡುವವರೂ ಅವರೇ, ತಮ್ಮ ಜಗಲಿಯಲ್ಲೇ. ನನ್ನ ಮಗಳು ಲೂರ್ದುವಿಗೆ ಎಂಟು ತುಂಬಿತ್ತು. ಹೋದವಳು ಅಳುತ್ತಾ ಬಂದಳು.

"ಒಂದೂ ತಪ್ಪಿಲ್ಲದೆ ಹೇಳಿದೆ ಅವ್ವ. ಕೊಂಕಣಿಯಲ್ಲಿ ಹೇಳಿದರೆ ಮಾತ್ರ ಪರಮಪ್ರಸಾದವಂತೆ."

ಕೈಯಲ್ಲಿದ್ದ ಸೌಟು ಅಲ್ಲೇ ಬಿಸಾಕಿ ಹೋದೆ. "ತಪ್ಪಿಲ್ಲದೆ ಹೇಳಿದ ಮಗುವನ್ನು ಯಾಕೆ ಅಳಿಸಿದಿರಿ?" ಅಂದೆ.

"ನಾವು ತಲೆತಲಾಂತರದಿಂದ ಕ್ರಿಸ್ತಾಂವರು," ಅಂದರು ಬಾಯಿ, ಕೂತಲ್ಲಿಂದ ಏಳದೆ. "ನೀವು ಯಾವಾಗಿನಿಂದ?"

"ನೀವು ಬೊಟ್ಟು ಒರೆಸಿಸಿದ ದಿನದಿಂದ!"

ಅಂದೆನೇನೋ ಸರಿ, ಆದರೆ ಮನೆ ಅವರದು, ಜಗಲಿ ಅವರದು, ಇಲ್ಲಿಯವರು ಇಗರ್ಜಿ ಅನ್ನುವ ಚರ್ಚಿನಲ್ಲಿ ಮಾತು ನಡೆಯುವುದೂ ಅವರದೇ. ಉಳಿದ ಹುಡುಗಿಯರು ಬಿಳಿ ಫ್ರಾಕು ಹೊಲಿಸಿಕೊಂಡು ಕುಣಿಯುತ್ತಿದ್ದರೆ ಲೂರ್ದು ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಕೆಲವೇ ದಿನಗಳಲ್ಲಿ ಅವಳು ಸಂಜೆ ಬಾಯಿಯ ಮನೆಗೆ ನುಸುಳಲು ಶುರು ಮಾಡಿದಳು.

ಅಲ್ಲೂ ಕ್ರಮ ನಮ್ಮದರಂತೆಯೇ: ಹಿರಿಯರು ಮಂತ್ರದ ಅರ್ಧ ಹೇಳಿದರೆ ಉಳಿದರ್ಧ ಮಕ್ಕಳದು. ಮುಗಿದ ಮೇಲೆ ಮಾತ್ರ ನಮ್ಮಲ್ಲಿಲ್ಲದ ಒಂದು ರೂಢಿ ಇವರಲ್ಲುಂಟು. ಮಕ್ಕಳು ಕೈಮುಗಿದು ಒಬ್ಬೊಬ್ಬ ಹಿರಿಯರ ಮುಂದೆಯೂ ನಿಂತು ಆಶೀರ್ವಾದ ಬೇಡಬೇಕು. ಬೆಸಾಂವ್ ಅನ್ನುತ್ತಾರೆ ಅದಕ್ಕೆ. ಮಗಳನ್ನು ಕರೆಯಲು ಹೋದವಳು ಕಿಟಕಿಯಿಂದ ನೋಡಿದೆ. ಲೂರ್ದು ಕೈಮುಗಿದು ನಿಂತಿದ್ದಳು. ಕಾರ್ಮಿನ್ ಬಾಯಿಯ ಕೈ ಅವಳ ತಲೆಯ ಮೇಲಿತ್ತು. ಆ ಕೈಯನ್ನು ಕಿತ್ತು ಬಿಸಾಕುವಷ್ಟು ಸಿಟ್ಟು ಬಂತು ನನಗೆ.

"ಕಲಿಯಲಿ ಬಿಡೇ, ದೇವರು ಅವನೇ ತಾನೆ," ಅಂದರು ಯಜಮಾನರು.

"ದೇವರು ಅವನೇ. ತಾಯಿ ಅವಳಲ್ಲ," ಅಂದೆ.

ಮಾರನೆಯ ಸಂಜೆಯಿಂದ ಬಾವಿಕಟ್ಟೆಯ ಹತ್ತಿರ ಪಾತ್ರೆ ಹರಡಿಕೊಂಡು ಕೂತೆ. ಬಾಯಿಯ ಮನೆಯವರು ತೇರ್ಸ್ ಹೇಳುವುದು ಇಡೀ ಬನ್ನಂಜೆಗೆ ಕೇಳುತ್ತದೆ. ತಿಕ್ಕಿದ್ದನ್ನೇ ತಿಕ್ಕುತ್ತಾ, ಹಲ್ಲು ಕಚ್ಚಿಕೊಂಡು, ಒಂದೊಂದೇ ಸಾಲು ಬಾಯಿಪಾಠ ಮಾಡಿದೆ. ಭಕ್ತಿಗಿಕ್ತಿ ಏನೂ ಇರಲಿಲ್ಲ, ಬರೀ ಹೊಟ್ಟೆಕಿಚ್ಚು. ಆಮೇಲೆ ಮಗಳನ್ನು ಮನೆಯಲ್ಲೇ ಕೂರಿಸಿಕೊಂಡು ಕೊಂಕಣಿಯಲ್ಲಿ ನಾನೇ ಹೇಳಿಕೊಟ್ಟೆ. ನನ್ನ ಉಚ್ಚಾರ ಕೇಳಿ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ನಗಲಿ, ಆಚೆ ಮನೆಗಂತೂ ಹೋಗಲಿಲ್ಲವಲ್ಲ.

ಲೂರ್ದು ಪರಮಪ್ರಸಾದ ತೆಗೆದುಕೊಂಡಳು. ಇಗರ್ಜಿಯ ಮೆಟ್ಟಿಲ ಮೇಲೆ ಕಾರ್ಮಿನ್ ಬಾಯಿ ನನ್ನ ಕೈ ಹಿಡಿದು, "ಈಗ ನೀವು ನಮ್ಮವರ ಹಾಗೆ ಆದಿರಿ, ಅಲ್ವಾ?" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಕೈ ಬಿಡಿಸಿಕೊಂಡೆ.

ಇನ್ನು ಎರಡೂ ಭಾಷೆಯಲ್ಲಿ ಹೇಳಿಸೋಣ ಅಂದುಕೊಂಡಿದ್ದೆ. ದಿನಾ ಎರಡೆರಡು ಜಪಸರಕ್ಕೆ ಮಕ್ಕಳು ಕೂರಬೇಕಲ್ಲ! ಇವತ್ತು ಬೇಡ, ನಾಳೆ ಅನ್ನುತ್ತಾ ಕನ್ನಡದ್ದು ನಿಂತೇಹೋಯಿತು. ಚಿನ್ನಪ್ಪನಂತೂ ತುಳುವಿನಲ್ಲಿ ಆಡುತ್ತಿದ್ದ, ಕೊಂಕಣಿಯಲ್ಲಿ ಪ್ರಾರ್ಥಿಸುತ್ತಿದ್ದ, ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ ತಿಂಡಿ ಕೇಳುತ್ತಿದ್ದ.

ಕೆಲವು ವರ್ಷ ಕಳೆದು ನಮ್ಮೂರಿಗೆ ಹೋದೆವು. ನನಗೆ ಹಾರಿಹೋಗುವಷ್ಟು ಆಸೆಯಿತ್ತು. ಅಲ್ಲಿಯಾದರೂ ಯಾರೂ ನನ್ನನ್ನು ಎಲ್ಲಿಯವಳು ಅಂತ ಕೇಳುವುದಿಲ್ಲ ಅಂದುಕೊಂಡಿದ್ದೆ. ಸಂಜೆ ಅವ್ವ ಮೊಮ್ಮಕ್ಕಳನ್ನು ಎಡಬಲಕ್ಕೆ ಕೂರಿಸಿಕೊಂಡು ಜಪಸರ ಹಿಡಿದಳು. "ನಮೋ ಮರಿಯಾ" ಅಂತ ಶುರು ಮಾಡಿ, ಅರ್ಧ ಹೇಳಿ, ನಿಲ್ಲಿಸಿದಳು. ಚಿನ್ನಪ್ಪ ನನ್ನ ಮುಖ ನೋಡಿದ. ಲೂರ್ದು ತಲೆ ತಗ್ಗಿಸಿದಳು. ನಾನಿದ್ದೇನಲ್ಲ ಅಂತ ಬಾಯಿ ತೆರೆದೆ.

"ಭಾಗೆವಂತ್ ಮರಿಯೆ" ಅಂತ ಕೊಂಕಣಿಯಲ್ಲೇ ಬಂತು.

ಅವ್ವ ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಬೈಯಲಿಲ್ಲ. ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ, "ದಣಿದು ಬಂದಿದ್ದೀರಿ, ಸುಮ್ಮನೆ ಕೂತಿರಿ," ಅಂದಳು. ಆಮೇಲೆ ಮೊದಲರ್ಧವನ್ನೂ ಉಳಿದರ್ಧವನ್ನೂ ತಾನೊಬ್ಬಳೇ ಹೇಳಿ ಮುಗಿಸಿದಳು.