ಅಕ್ಕನ ಎದುರು ತರ್ಕದ ಮಾಸ್ತರು

ಇಸ್ಫರಾ ಊರಿನ ಹಮ್ರೋಕುಲ್ ಮಾಸ್ತರು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟೇ ತಲೆ ನರೆಸಿಕೊಂಡವರು. ಮಾತಿಗೊಮ್ಮೆ ‘ಆದ್ದರಿಂದ’ ಅನ್ನುತ್ತಿದ್ದರು. ಅವರು ಚಹಾದಂಗಡಿಗೆ ಬಂದು ಕೂತರೆ, ಹರಟುತ್ತಿದ್ದವರಿಗೆ ಒಬ್ಬೊಬ್ಬರಿಗೇ ಮನೆಗೆಲಸ ನೆನಪಾಗುತ್ತಿತ್ತು. ತಮ್ಮ ವಾದದ ಎದುರು ಯಾರೂ ನಿಲ್ಲಲಾರರೆಂದು ಮಾಸ್ತರು ಇದರಿಂದ ತೀರ್ಮಾನಿಸಿದ್ದರು.

ನಿಲ್ಲುತ್ತಿದ್ದವಳು ಅವರ ಅಕ್ಕ ಸನವ್ಬರ್ ಒಬ್ಬಳೇ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಮಾಸ್ತರ ಬೀದಿಯ ತುದಿಯಲ್ಲೇ ಮನೆ. ಮಾಸ್ತರ ಮಗಳು ಮಹ್ಫಿರತ್ ಅರ್ಧ ಬೆಳೆದದ್ದೇ ಅಲ್ಲಿ.

ಆ ವಸಂತದಲ್ಲಿ ಮಹ್ಫಿರತ್ ಮದುವೆ ಗೊತ್ತಾಯಿತು. ಊಟ ತಮ್ಮ ಅಂಗಳದಲ್ಲೇ, ಏಪ್ರಿಕಾಟ್ ಮರಗಳ ಕೆಳಗೆ ಎಂದರು ಮಾಸ್ತರು. ಅಕ್ಕ ಚಹಾದ ಬಟ್ಟಲು ಕೆಳಗಿಟ್ಟಳು.

“ಮಳೆ ಬರುತ್ತೆ. ನನ್ನ ಮಂಡಿ ನೋಯ್ತಿದೆ. ನಮ್ಮನೆ ಜಗಲಿಗೆ ಸೂರಿದೆ, ಅಲ್ಲೇ ಮಾಡೋಣ.”

“ನವ್ರೋಜ್ ಹಬ್ಬದ ದಿನಾನೂ ಮಂಡಿ ನೋವು ಅಂದೆ. ಮಳೆ ಬಂತಾ ಅಕ್ಕಾ?”

“ಅವತ್ತು ನೋಯ್ತಿದ್ದದ್ದು ಎಡಮಂಡಿ. ಮಳೆ ಹೇಳೋದು ಬಲಮಂಡಿ ಕಣೋ.”

ಮಾಸ್ತರ ಹೆಂಡತಿ ಓಯ್ನಿಸಾ ರೊಟ್ಟಿ ಮುರಿಯುವ ನೆಪದಲ್ಲಿ ಮುಖ ತಿರುಗಿಸಿದಳು.

“ಬಲಮಂಡಿ ನೋವು ಬಂದೂ ಮಳೆ ಬರದ ದಿನ ಎಷ್ಟೋ ಇರಬೇಕು. ಅವನ್ನ ಎಣಿಸಿದೀಯಾ?”

“ಮಳೆ ಬರದ ದಿನ ಮಂಡಿ ಯೋಚನೆ ಯಾರಿಗಿರುತ್ತೆ? ಪಕ್ಕದ್ಮನೆ ಜಮೋಲನ ಮದುವೇಲಿ ಪಲಾವಿಗೆ ನೀರು ಬಿದ್ದದ್ದು ಮರೆತ್ಯಾ?”

“ಅದೊಂದು ಎಲ್ಲರಿಗೂ ನೆನಪಿದೆ. ಮಳೆ ಬರದ ಮದುವೆ ಒಂದೂ ನೆನಪಿಲ್ಲ. ಆದ್ದರಿಂದ...”

“ಆದ್ದರಿಂದ ನೆನಪಿರೋದನ್ನ ಬಿಟ್ಟು, ನೆನಪಿಲ್ಲದ್ದನ್ನ ನಂಬಬೇಕಾ?”

ಮಾಸ್ತರು ಪಟ್ಟು ಬಿಡಲಿಲ್ಲ. ಮಂಡಿಯ ವಾದ ಬಿತ್ತು, ಜಮೋಲನ ಮದುವೆಯದೂ ಬಿತ್ತು. ಅಕ್ಕ ಗಾಳಿಯ ಮಾತು ತಂದಳು, ಅದೂ ಬಿತ್ತು. “ಮಳೆ ಬರದಿದ್ರೆ ಬಿಸಿಲಿಗೆ ಬೀಗರ ತಲೆ ಸುಡುತ್ತೆ” ಎಂದಳು. ಏಪ್ರಿಕಾಟ್ ನೆರಳು ತೋರಿಸಿ ಮಾಸ್ತರು ಅದನ್ನೂ ಕೆಡವಿದರು.

“ಸರಿಯಪ್ಪ, ನೀನೇ ಗೆದ್ದೆ” ಎಂದು ಅಕ್ಕ ಶಾಲು ಹೊದ್ದು ಎದ್ದು ಹೋದಳು. ಓಯ್ನಿಸಾ ಬಟ್ಟಲುಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿ ಎತ್ತಿದಳು.

ಗೆದ್ದ ಮಾಸ್ತರಿಗೆ ಯಾಕೋ ಸಮಾಧಾನವಿಲ್ಲ. ಕಾರಣಗಳ ಕಂಬ ಎಳೆದರೆ ತೀರ್ಮಾನದ ಚಾವಣಿ ಬೀಳಬೇಕು. ತರಗತಿಯಲ್ಲಿ ಎಷ್ಟೋ ವರ್ಷ ಹೇಳಿಕೊಟ್ಟ ಪಾಠ ಅದು. ಅಕ್ಕನ ಕಂಬಗಳೆಲ್ಲ ಬಿದ್ದರೂ ಚಾವಣಿ ಹಾಗೇ ನಿಂತಿತ್ತು. ಹಾಗಾದರೆ ಅದನ್ನು ಹೊತ್ತಿರುವ ಕಂಬ ಬೇರೆಲ್ಲೋ ಇದೆ, ಅಕ್ಕ ಅದನ್ನು ಬಾಯಿಬಿಟ್ಟು ಹೇಳಿಲ್ಲ ಎಂದು ಅವರಿಗೆ ಹೊಳೆಯಿತು.

ಬೆಳಿಗ್ಗೆ ಅವರು ಅಕ್ಕನ ಮನೆಗೆ ಹೋದರು. ಜಗಲಿಯ ಗೋಡೆ ಹೊಸ ಸುಣ್ಣದಲ್ಲಿ ಬೆಳ್ಳಗಿತ್ತು. ಹತ್ತಿಯ ಹಾಸುಗಳು ಹೊಸ ಹೊದಿಕೆ ತೊಟ್ಟು ಬಿಸಿಲಿಗೆ ಬಿದ್ದಿದ್ದವು. ಒಬ್ಬಳ ಮನೆಗೆ ಅಷ್ಟು ಬೇಕಿರಲಿಲ್ಲ. ಏಣಿಯ ಮೇಲಿದ್ದ ಅಕ್ಕ ಕುಂಚವನ್ನು ಬೆನ್ನ ಹಿಂದೆ ಅಡಗಿಸಿದಳು.

“ಗೋಡೆ ಕೊಳೆಯಾಗಿತ್ತು” ಎಂದಳು, ಇವರು ಕೇಳುವ ಮೊದಲೇ.

ಆ ಜಗಲಿಯಲ್ಲಿ ಜನ ಕೊನೆಯ ಸಲ ಕೂಡಿದ್ದು ತೀರಿಕೊಂಡ ಭಾವನನ್ನು ಕಳಿಸಿಕೊಡಲು. ಆಮೇಲೆ ಅಲ್ಲಿ ಯಾರೂ ಒಟ್ಟಾಗಿ ಉಂಡಿರಲಿಲ್ಲ, ನಕ್ಕಿರಲಿಲ್ಲ. ಅದು ಮಾಸ್ತರಿಗೆ ಈಗ ನೆನಪಾಯಿತು.

“ಮಹ್ಫಿರತ್ ಇಲ್ಲಿಂದಲೇ ಗಂಡನ ಮನೆಗೆ ಹೋಗಲಿ ಅಕ್ಕಾ.”

“ಮಳೆ ಬರಲ್ಲ ಅಂದ್ಯಲ್ಲ?”

“ಬರಲ್ಲ. ಮಳೆಗೂ ಇದಕ್ಕೂ ಸಂಬಂಧ ಇಲ್ಲ.”

ಅಕ್ಕ ಅಡಗಿಸಿದ್ದ ಕುಂಚವನ್ನು ಮತ್ತೆ ಹೊರಗೆ ತೆಗೆದಳು. ಆಮೇಲೆ, “ಸುಮ್ನೆ ಯಾಕೆ ನಿಂತಿದೀಯಾ, ಏಣಿ ಹಿಡ್ಕೋ” ಎಂದಳು.

ಮದುವೆಯ ದಿನ ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಅಕ್ಕ ಪಲಾವ್ ಬಡಿಸುವವರನ್ನು ಗದರುತ್ತಾ ಜಗಲಿ ತುಂಬಾ ಓಡಾಡಿದಳು. ಹುಡುಗಿ ಹೊರಟಾಗ ಹೆತ್ತವಳಿಗಿಂತ ಹೆಚ್ಚು ಅತ್ತಳು. ವರನ ಅಜ್ಜ ಗಡ್ಡ ನೀವಿಕೊಂಡು, “ಸೊಸೆಯ ಕಾಲ್ಗುಣ ನೋಡಿ, ಎಂಥಾ ಬಿಸಿಲು ಬಿತ್ತು” ಎಂದರು.

ಮಾಸ್ತರು ಬಾಯಿ ತೆರೆದರು. ಓಯ್ನಿಸಾ ಅವರ ಕೈಗೆ ಒಂದು ತುಂಡು ರೊಟ್ಟಿ ಇಟ್ಟಳು. ಅವರು ಅದನ್ನು ನೋಡಿದರು, ಅಜ್ಜನನ್ನು ನೋಡಿದರು, ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು.