ಏಳು ಸಣ್ಣ ಸಹಿ

ನಾನು ನಕ್ಕೆ. ಬೇರೇನು ಹೇಳುವುದಕ್ಕೂ ಮೊದಲು ಇದನ್ನು ಹೇಳಿಬಿಡಬೇಕು. ಹೊಸಪೇಟೆಯಲ್ಲಿ, ಒಬ್ಬ ರಾಜಕಾರಣಿಯ ಕಚೇರಿಯಲ್ಲಿ, ನನ್ನ ಪಕ್ಕದಲ್ಲೇ ನಿಂತಿದ್ದ ನನ್ನ ವಿದ್ಯಾರ್ಥಿನಿಯ ಮುಖದ ಬಗ್ಗೆ ಅವರು ಒಂದು ಮಾತು ಆಡಿದರು. ಅಲ್ಲಿದ್ದವರೆಲ್ಲ ನಕ್ಕರು. ಅವಳ ಪರವಾಗಿ ಮಾತಾಡಲೆಂದೇ ಅಲ್ಲಿಗೆ ಹೋಗಿದ್ದ ನಾನೂ ನಕ್ಕೆ. ಆಮೇಲೆ ಮಾಡಿದ್ದು ಇದಕ್ಕಿಂತ ಕೆಟ್ಟದ್ದು ಎಂದು ನೀವು ಹೇಳಬಹುದು. ಇರಬಹುದು. ಆದರೆ ಆರು ವರ್ಷಗಳಿಂದ ನನ್ನನ್ನು ಹಿಂಡುತ್ತಿರುವುದು ಆ ನಗು.

ಅವಳ ಹೆಸರು ಗಂಗಾ. ನೇಪಾಳದವಳು. ಊರಿನ ಒಂದಿಷ್ಟು ಜನರ ಜೊತೆ ಹಂಪಿ ಕಡೆ ಕೆಲಸಕ್ಕೆ ಬಂದು, ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲೊಂದರಲ್ಲಿ ಮಿರ್ಚಿ ಕರಿಯುತ್ತಿದ್ದಳು. ಅವಳು ಮಾಡಿದ ಮಂಡಕ್ಕಿ ಒಗ್ಗರಣಿ ತಿಂದವರು, ಮಾಡಿದವಳು ಇವಳೇ ಎಂದರೆ ನಂಬುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಆ ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ, ಹೊರಗಿನಿಂದ ದುಡಿಯಲು ಬಂದ ಹುಡುಗ ಹುಡುಗಿಯರಿಗೆ ಸಂಜೆ ಹೊತ್ತು ಪಾಠ ಹೇಳುತ್ತಿದ್ದೆ. ಒಟ್ಟು ಇಪ್ಪತ್ತು ಜನ. ಹದಿಮೂರು ಜನ ರಾಯಚೂರು ಮತ್ತು ತೆಲಂಗಾಣದ ಕಡೆಯವರು. ಉಳಿದ ಏಳು ಮಂದಿ ನೇಪಾಳ, ಅಸ್ಸಾಂ, ಮಣಿಪುರದವರು.

ಗಂಗಾ ಖಾಸಗಿಯಾಗಿ ಹತ್ತನೇ ತರಗತಿ ಪರೀಕ್ಷೆಗೆ ಕೂರಬೇಕೆಂದಿದ್ದಳು. ಪಾಸಾದರೆ ಅಲ್ಲಿಯ ಹೋಂಸ್ಟೇ ಒಂದರ ಮಾಲೀಕರು ಕೌಂಟರಿನಲ್ಲಿ ಕೆಲಸ ಕೊಡುತ್ತೇನೆ ಎಂದಿದ್ದರು. ಬಂದವರ ಹೆಸರು ಬರೆದುಕೊಳ್ಳುವ ಕೆಲಸ. “ಕುಂತು ಮಾಡೋ ಕೆಲ್ಸರಿ ಟೀಚರ್,” ಎಂದು ಅವಳು ಎಷ್ಟು ಸಲ ಹೇಳಿದ್ದಳೋ. ಮುಂಗೈ ತುಂಬ ಎಣ್ಣೆ ಸಿಡಿದ ಕಲೆಗಳಿದ್ದವು ಅವಳಿಗೆ.

ಅಷ್ಟರಲ್ಲಿ ಹೋಟೆಲಿನವರಿಗೆ ಸಾಮಾನು ಇಡಲು ಶೆಡ್ಡು ಬೇಕಾಯಿತು. ಹತ್ತಿರದಲ್ಲೇ ಒಂದು ಸಮುದಾಯ ಭವನ ಬೀಗ ಹಾಕಿಕೊಂಡು ಬಿದ್ದಿತ್ತು. ಬೀಗ ತೆಗೆಸಬೇಕಾದರೆ ಆ ರಾಜಕಾರಣಿಯ ಒಂದು ಮಾತು ಸಾಕು ಎಂದರು. ಸರಿ, ಮನವಿ ಕೊಡುವುದೆಂದು ತೀರ್ಮಾನಿಸಿದೆವು. ಇಪ್ಪತ್ತು ಹೆಸರುಗಳ ಪಟ್ಟಿಯನ್ನು ಗಂಗಾಳೇ ಬರೆದಳು. ಒಂದು ಕಚೇರಿಗೆಂದು ಅವಳು ಬರೆದ ಮೊದಲ ಕನ್ನಡ ಅದು. ಅಕ್ಷರ ಎಷ್ಟು ದುಂಡಗಿತ್ತೆಂದರೆ, ನನ್ನ ಸರ್ವಿಸಿನಲ್ಲಿ ಅಂಥದ್ದನ್ನು ಕಂಡದ್ದು ಕಡಿಮೆ.

ನಾನು ಇಡೀ ಜನ್ಮ ಕನ್ನಡ ಕಲಿಸಿದವಳು. ಕನ್ನಡ ಕಲಿತವರೆಲ್ಲ ನಮ್ಮವರೇ ಎಂದು ಪ್ರತಿ ನವೆಂಬರಿನಲ್ಲಿ ಶಾಲೆಯ ಅಂಗಳದಲ್ಲಿ ನಿಂತು ಭಾಷಣ ಮಾಡಿದವಳು. ಅದನ್ನು ನಾನು ನಂಬಿದ್ದೆ ಕೂಡ. ಹಾಗಾಗಿ ಮನವಿಯನ್ನು ನಾನು ಓದುವುದು ಬೇಡ, ಗಂಗಾಳೇ ಮಾತಾಡಲಿ, ಅವಳ ಕನ್ನಡ ಕೇಳಿದರೆ ಯಾರಾದರೂ ಕರಗುತ್ತಾರೆ ಎಂದು ಲೆಕ್ಕ ಹಾಕಿದೆ. ಮೂರು ವಾಕ್ಯ ಬರೆದುಕೊಟ್ಟೆ. ನಮ್ಮಲ್ಲಿ ಮನವಿ ಕೊಡಲು ಹೋದವರು ಬರಿಗೈಯಲ್ಲಿ ಹೋಗುವುದಿಲ್ಲವಲ್ಲ — ಒಂದು ಶಾಲನ್ನೂ ಕೊಂಡು, ಅವಳೇ ಹೊದಿಸಲೆಂದು ಅವಳ ಕೈಗೆ ಕೊಟ್ಟೆ. ಎರಡು ದಿನ ಮಿರ್ಚಿ ಕರಿಯುತ್ತಲೇ ಆ ಮೂರು ವಾಕ್ಯ ಬಾಯಿಪಾಠ ಮಾಡಿದಳು.

ನಾವು ಕಚೇರಿಗೆ ಹೋದಾಗ ಆ ರಾಜಕಾರಣಿ ತಲೆ ತಗ್ಗಿಸಿ ಪಟ್ಟಿ ನೋಡುತ್ತಿದ್ದರು. “ಗಂಗಾ ಅಂದ್ರ ಯಾರವ್ವಾ? ನಮ್ಮ ಮೆಟ್ರಿ ಊರ ಕಡೆಯಾಕೇನು?” ಎಂದು ನೋಡದೆಯೇ ಕೇಳಿದರು. ದನಿ ಅಕ್ಕರೆಯದೇ ಆಗಿತ್ತು. ಗಂಗಾ ಒಂದು ಹೆಜ್ಜೆ ಮುಂದೆ ಬಂದು ಹೇಳಿದಳು: “ನಮಸ್ಕಾರ. ನಮಗೆ ಓದಲು ಒಂದು ಜಾಗ ಬೇಕಾಗಿದೆ. ದಿನವೂ ಎರಡು ತಾಸು ಸಮುದಾಯ ಭವನದಲ್ಲಿ ಕೂರಲು ದಯವಿಟ್ಟು ಅವಕಾಶ ಮಾಡಿಕೊಡಿ.” ಒಂದಕ್ಷರ ತಪ್ಪಲಿಲ್ಲ.

ಅವರು ತಲೆ ಎತ್ತಿದರು. ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಆಮೇಲೆ ಕುರ್ಚಿಗೆ ಒರಗಿ, ಸುತ್ತ ಕೂತಿದ್ದ ತಮ್ಮವರ ಕಡೆ ತಿರುಗಿದರು.

“ಮಾತೇನೋ ನಮ್ದು ಕಲ್ತಾಳ. ಮುಖ ಎಲ್ಲಿಂದ ತರ್ತಾಳ?”

ಇಂಥದ್ದನ್ನು ಬಸ್ಸಿನಲ್ಲಿ, ಸಂತೆಯಲ್ಲಿ ಕೇಳಿದ್ದೆ. ಕುಡಿದವರ ಬಾಯಲ್ಲಿ ಕೇಳಿದ್ದೆ. ಆದರೆ ಆ ಕುರ್ಚಿಯಿಂದ, ಹಗಲು ಹೊತ್ತಿನಲ್ಲಿ, ಚಹಾ ತರಲು ಹೇಳುವಷ್ಟು ಸಲೀಸಾಗಿ — ನನಗೆ ಕಿವಿ ಗವ್ ಎಂದಿತು. ನಿಂತ ನೆಲವೇ ಅಲುಗಿದ ಹಾಗಾಯಿತು. ನಾನು ಏನಾದರೂ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಕೋಣೆಯಲ್ಲಿ ನಗು ಎದ್ದಿತ್ತು, ಅದರಲ್ಲಿ ಒಂದು ಹೆಣ್ಣುದನಿ ಇತ್ತು. ಆ ಕೋಣೆಯಲ್ಲಿ ಇದ್ದ ಹೆಂಗಸರು ನಾವಿಬ್ಬರೇ. ಗಂಗಾ ನಕ್ಕಿರಲಿಲ್ಲ.

ಅವಳು ನನ್ನ ಕಡೆ ತಿರುಗಿ ನೋಡಿದಳು. ಅವರ ಕಡೆಯಲ್ಲ, ನನ್ನ ಕಡೆ.

“ಶಾಲು ನೀವ ಹಾಕ್ರಿ ಟೀಚರ್. ಆಕಿ ಬ್ಯಾಡ,” ಎಂದರು ಅವರು. ನಾನು ಅವಳ ಕೈಯಿಂದ ಶಾಲು ತೆಗೆದುಕೊಂಡೆ. ಅವಳು ತಕ್ಷಣ ಬಿಡಲಿಲ್ಲ, ನಾನು ಸ್ವಲ್ಪ ಎಳೆಯಬೇಕಾಯಿತು. ಹೊದಿಸಿದೆ. ಫೋಟೋ ತೆಗೆಯುವವನು ಬಂದಾಗ ಅವಳಿಗೆ ಹೊರಗಿರು ಎಂದು ಕೈಸನ್ನೆ ಮಾಡಿದವಳೂ ನಾನೇ. ಅವರು ಹೇಳುವ ಮೊದಲೇ ಮಾಡಿದೆ.

ಅವಳು ಹೊರಗೆ ಹೋದ ಮೇಲೆ ಅವರು ಸಮಾಧಾನವಾಗಿ ವಿವರಿಸಿದರು. “ನಮ್ಮ ಕಡೀ ಹುಡುಗ್ರಿದ್ರ ನಾಳೇನ ಚಾವಿ ಕೊಡಸ್ತೀನಿ. ಈ ಚಪ್ಪಟಿ ಮುಖದೋರ್ನ ತುಂಬ್ಕೊಂಡು ಕುಂತ್ರ, ಊರಾಗ ಏನರ ಆದ್ರ ಯಾರು ಜವಾಬ್ದಾರಿ? ನೀವು ತಿಳದೋರದೀರಿ.” ಪಟ್ಟಿಯನ್ನು ನನ್ನ ಕಡೆ ಸರಿಸಿದರು.

ನಿವೃತ್ತಳಾದ ಮೇಲೂ ನನ್ನ ಚೀಲದಲ್ಲಿ ಕೆಂಪು ಪೆನ್ನು ಇರುತ್ತಿತ್ತು. ತೆಗೆದೆ. ಏಳು ಹೆಸರುಗಳ ಮೇಲೆ ಗೆರೆ ಎಳೆದೆ, ಗಂಗಾಳದ್ದೂ ಸೇರಿ. ಅವರ ಪಿಎ ಬಗ್ಗಿ ನೋಡಿ ಹೇಳಿದ: “ಹೊಡದಿದ್ದಕ್ಕೆಲ್ಲಾ ಪಕ್ಕದಾಗ ಸಣ್ಣ ಸಹಿ ಹಾಕ್ರಿ. ನಾಳೆ ಯಾರರ ಕೇಳಿದ್ರ ನಾವು ಹೊಡದಿಲ್ಲಂತ ಗೊತ್ತಾಗ್ಬೇಕು.” ಸರ್ಕಾರಿ ಕಾಗದದ ಪದ್ಧತಿ ನನಗೇನು ಹೊಸದೇ? ಏಳು ಸಣ್ಣ ಸಹಿ ಹಾಕಿದೆ.

ಹೊರಗೆ ಬಂದು ಗಂಗಾಳಿಗೆ ಹೇಳಿದೆ, “ಹೊರಗಿನೋರಿಗೆ ಕೊಡಾಕ ರೂಲ್ಸ್ ಇಲ್ಲಂತವ್ವಾ. ಮ್ಯಾಲಿಂದ ಆರ್ಡರ್ ಅಂತ.” “ಆತ್ರಿ ಟೀಚರ್,” ಎಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಳು. ಅನಂತಶಯನ ಗುಡಿ ದಾಟಿತು, ಕಡ್ಡಿರಾಂಪುರ ಬಂತು, ಇಳಿದು ನೇರ ಒಲೆಯ ಹತ್ತಿರ ಹೋದಳು.

ಪಟ್ಟಿಯಿಂದ ಹೊರಗುಳಿದ ಏಳು ಜನರಿಗೆ ನನ್ನ ಮನೆಯಲ್ಲೇ ಪಾಠ ಹೇಳಬಹುದಿತ್ತು. ಅವತ್ತು ಅದು ಹೊಳೆಯಲೇ ಇಲ್ಲ — ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಹೊಳೆದಿತ್ತು. ಓಣಿಯವರು ಏನನ್ನುತ್ತಾರೋ ಎಂದು ಸುಮ್ಮನಾದೆ. ಗಂಗಾ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಕೆಲವು ತಿಂಗಳಾದ ಮೇಲೆ ಸಂಡೂರಿನ ಕಡೆ, ಗಣಿಯ ಕ್ಯಾಂಟೀನಿಗೆ ಹೋದಳೆಂದು ಕೇಳಿದೆ. ಭವನದಲ್ಲಿ ಪಾಠ ಇವತ್ತಿಗೂ ನಡೆಯುತ್ತಿದೆ. ವಲಸೆ ಮಕ್ಕಳ ತಾಯಿ ಎಂದು ನನ್ನನ್ನು ಎರಡು ಕಡೆ ಸನ್ಮಾನಿಸಿದ್ದಾರೆ. ಆ ಶಾಲುಗಳನ್ನು ನಾನು ಬೀರುವಿನಿಂದ ಹೊರಗೆ ತೆಗೆದಿಲ್ಲ.

ಹೋದ ತಿಂಗಳು ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ತಳ್ಳುಗಾಡಿಯ ಬೋರ್ಡು ನೋಡಿ ನಿಂತುಬಿಟ್ಟೆ. ‘ಒಗ್ಗರಣಿ, ಮಿರ್ಚಿ’ ಎಂದು ಕೈಬರಹದಲ್ಲಿತ್ತು. ಅಕ್ಷರ ದುಂಡಗಿತ್ತು.

“ಬರ್ರಿ ಟೀಚರ್, ಕುಂದ್ರಿ,” ಎಂದು ಗಂಗಾ ಸ್ಟೂಲು ಒರೆಸಿ ಕೊಟ್ಟಳು. ಮೈ ತುಂಬಿಕೊಂಡಿದ್ದಳು. ಕಲೆಗಳು ಮೊಣಕೈ ತನಕ ಹೋಗಿದ್ದವು. ಒಂದು ತಟ್ಟೆ ಮಿರ್ಚಿ ಕೊಟ್ಟಳು. ನಾನು ಅವತ್ತಿನ ರೂಲ್ಸಿನ ವಿಷಯ ಎತ್ತಿ, ಏನೋ ತೊದಲಿದೆ.

“ನನಗ ಗೊತ್ತೈತ್ರಿ,” ಎಂದಳು ಎಣ್ಣೆಯಿಂದ ಕಣ್ಣು ತೆಗೆಯದೆ. “ಭವನದ ಬಾಗಲಕ್ಕ ಆರ್ಡರ್ ಜೋಡಿ ಪಟ್ಟಿ ಜೆರಾಕ್ಸ್ ಹಚ್ಚಿದ್ರಲ್ರಿ. ನಾನು ಬರದ ಪಟ್ಟಿ, ನೋಡಾಕ ಹೋಗಿದ್ನಿ. ಹೆಸರು ಹೊಡದಿತ್ತು. ಪಕ್ಕದಾಗ ನಿಮ್ಮ ಸಹಿ ಇತ್ತು. ನನ್ನ ಕಾಪಿ ಬುಕ್ಕಿನ್ಯಾಗ ದಿನಾ ಹಾಕ್ತಿದ್ರಲ್ರಿ, ಅದ ಸಹಿ.”

ಆರು ವರ್ಷ. ಆರು ವರ್ಷ ಅವಳಿಗೆ ಗೊತ್ತಿತ್ತು. ನಾನು ಏನನ್ನು ಬಚ್ಚಿಟ್ಟಿದ್ದೆನೋ ಅದು ಬಾಗಿಲಿಗೆ ಅಂಟಿಕೊಂಡಿತ್ತು, ಮತ್ತು ನಾನು ಅದೇ ಬಾಗಿಲಲ್ಲಿ ದಿನವೂ ಒಳಗೆ ಹೋಗುತ್ತಿದ್ದೆ.

“ಅದು ಇರ್ಲಿ ಬಿಡ್ರಿ,” ಎಂದಳು. “ಹೆಸರು ಅವ್ರು ಹೊಡಸ್ಯಾರ, ತಿಳೀತೈತಿ. ಒಂದ ಕೇಳ್ಬೇಕಿತ್ರಿ. ಅವತ್ತು ನೀವು ನಕ್ಕಿದ್ರಲ್ಲ... ಹೆದರಿ ನಕ್ಕಿದ್ರೋ, ಖರೇನ ನಗು ಬಂದಿತ್ತೋ?”

“ಹೆದರಿದ್ನವ್ವಾ,” ಎಂದೆ.

ಅವಳ ಮುಖ ಹಗುರಾಯಿತು. “ನಾನೂ ಹಂಗ ಅನ್ಕೊಂಡಿದ್ನಿರಿ,” ಎಂದು ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದಳು. ನಾನು ಅದನ್ನು ತಿಂದೆ.

ಗಂಗಾ, ನಾನು ಹೆದರಿರಲಿಲ್ಲ. ಹೆದರಿಕೆ ಆಮೇಲೆ ಬಂತು, ನಾಚಿಕೆ ಅದರ ಹಿಂದೆ ಬಂತು. ಅವರು ಆ ಮಾತು ಆಡಿದ ಗಳಿಗೆಯಲ್ಲಿ — ಕಿವಿ ಗವ್ ಎಂದಿದ್ದು ನಿಜ, ನೆಲ ಅಲುಗಿದ್ದೂ ನಿಜ — ಆದರೂ ನನಗೆ ನಗು ಬಂದಿತ್ತು. ನಾನು ಕಲಿಸಿದ ಕನ್ನಡ ನಿನ್ನ ಆ ಮುಖದಿಂದ ಬರುವುದು ನನಗೂ ಎಲ್ಲೋ ಒಳಗೆ ತಮಾಷೆಯಾಗಿ ಕಂಡಿತ್ತು, ಮೊದಲ ದಿನದಿಂದಲೂ. ಅವರು ಅದನ್ನು ಬಾಯಿ ಬಿಟ್ಟು ಹೇಳಿದರು, ಅಷ್ಟೆ. ಅದಕ್ಕೇ ಅವತ್ತು ಆ ಪರಿ ಬೆಚ್ಚಿದ್ದೆ.

ನಿನಗೆ ಓದಲು ಬರುತ್ತದೆ. ನಾಳೆ ಈ ಹಾಳೆಗಳನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಕೊನೆಯ ಸಾಲಿನವರೆಗೂ ಓದಿ ತಲೆ ಎತ್ತುವ ತನಕ ಅಲ್ಲೇ, ಗಾಡಿಯ ಎದುರಿಗೇ ನಿಂತಿರುತ್ತೇನೆ.